ಬಾರದ ಬಂಡಿ, ಉರುಳಿದ ಮಂತ್ರಿಮಂಡಲ

ರಣರಂಗದಲ್ಲಿ ಸೋತು ಕೆಟ್ಟ ಸರ್ಕಾರಗಳ ಕಥೆ ಚರಿತ್ರೆಯಲ್ಲಿ ಬೇಕಾದಷ್ಟಿದೆ. ರಣರಂಗದಲ್ಲಿ ಸೋಲದೆಯೂ, ಗಾಯಾಳುಗಳನ್ನು ಹೊರಲು ಬಂಡಿಯಿರಲಿಲ್ಲ, ರೋಗಿಗಳಿಗೆ ಹಾಸಿಗೆಯಿರಲಿಲ್ಲ ಎಂಬ ಆಪಾದನೆಗೆ ಉತ್ತರ ಹೇಳಲಾರದೆ ಒಂದು ಮಂತ್ರಿಮಂಡಲ ಉರುಳಿದ ಪ್ರಸಂಗ ಮಾತ್ರ ಅಪರೂಪ. 1855ರ ಜನವರಿ 29ರ ರಾತ್ರಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಡೆದದ್ದು ಅದು. ಆಂಬುಲೆನ್ಸಿಗೆ ಹೇಳಿಕಳುಹಿಸಿ, ರೋಗಿಯನ್ನು ಒಳಗೆ ಮಲಗಿಸಿ, ಬೀದಿಯ ಕಡೆ ನೋಡುತ್ತ ಬಾಗಿಲಲ್ಲಿ ನಿಂತ ಅನುಭವವುಳ್ಳವರಿಗೆ ಆ ಕಥೆ ತೀರ ದೂರದ್ದೆಂದು ತೋರಲಾರದು.

ರಷ್ಯದ ಮೇಲೆ ಯುದ್ಧ ಹೂಡಿದ ಬ್ರಿಟಿಷರೂ ಫ್ರೆಂಚರೂ 1854ರ ಸೆಪ್ಟೆಂಬರ್ 14ರಂದು ಕ್ರಿಮಿಯದ ದಡದಲ್ಲಿ ಇಳಿದರು. ಕಪ್ಪು ಸಮುದ್ರದ ಈಚೆ ದಡದ ವಾರ್ನಾ ಬಂದರಿನಲ್ಲಿ ಬ್ರಿಟಿಷ್ ಸೈನ್ಯ ಹಡಗು ಹತ್ತುವಾಗ ಸ್ಥಳ ಸಾಲದೆ ಹೋಯಿತು. ಫಿರಂಗಿಗಳನ್ನು ಬಿಡುವಂತಿರಲಿಲ್ಲ, ಕುದುರೆಗಳನ್ನು ಬಿಡುವಂತಿರಲಿಲ್ಲ. ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಬಂಡಿಗಳನ್ನು ಬಿಟ್ಟರು. ಆರು ದಿನಗಳಲ್ಲಿ ಆಲ್ಮಾ ನದಿಯ ದಂಡೆಯಲ್ಲಿ ದೊಡ್ಡ ಕಾಳಗವಾಯಿತು. ಗೆಲುವು ದೊರೆಯಿತು. ಆದರೆ ಬಿದ್ದವರನ್ನು ಎತ್ತುವವರಿಲ್ಲ. ಈ ಕೆಲಸಕ್ಕೆಂದೇ ಕಟ್ಟಿದ್ದ ಪಡೆಯಲ್ಲಿ ಇದ್ದವರು ಪಿಂಚಣಿ ಪಡೆಯುತ್ತಿದ್ದ ಮುದಿ ಸಿಪಾಯಿಗಳು; ಅವರಲ್ಲೇ ಅನೇಕರು ಕಾಲರಾಕ್ಕೆ ತುತ್ತಾಗಿದ್ದರು. ಕೊನೆಗೆ ನಾವಿಕರೂ ವಾದ್ಯ ನುಡಿಸುವವರೂ ಗಾಯಾಳುಗಳನ್ನು ಹೊತ್ತು ಹಡಗಿಗೆ ತಂದರು.

ಪಕ್ಕದಲ್ಲೇ ಹೋರಾಡುತ್ತಿದ್ದ ಫ್ರೆಂಚರ ಬಳಿ ಹೇಸರಗತ್ತೆಗಳ ಬೆನ್ನಿಗೆ ಕಟ್ಟಿದ ಕುರ್ಚಿಗಳೂ ಡೋಲಿಗಳೂ ಸಿದ್ಧವಾಗಿದ್ದುವು. ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆ ಎಂಬಾತ 1790ರ ದಶಕದಲ್ಲಿಯೇ ಯುದ್ಧಭೂಮಿಗೆ ಓಡುವ ಹಗುರವಾದ ಆಂಬುಲೆನ್ಸ್ ಗಾಡಿಗಳನ್ನು ಬಳಕೆಗೆ ತಂದಿದ್ದ. ಅರವತ್ತು ವರ್ಷ ಕಳೆದಿದ್ದರೂ ಬ್ರಿಟಿಷರು ಆ ಪಾಠವನ್ನು ಕಲಿತಿರಲಿಲ್ಲ. ಆ ಚಳಿಗಾಲದಲ್ಲಿ ಅವರ ರೋಗಿಗಳು ಬಂದರು ಸೇರಿದ್ದು ಅನೇಕ ವೇಳೆ ಫ್ರೆಂಚರು ಎರವಲು ಕೊಟ್ಟ ಹೇಸರಗತ್ತೆಗಳ ಮೇಲೆ.

ಇದನ್ನು ಬಡತನದ ಫಲವೆಂದು ಹೇಳುವಂತಿಲ್ಲ. ಆ ಕಾಲಕ್ಕೆ ಲೋಕದಲ್ಲೇ ಸಿರಿವಂತವಾದ ಸಾಮ್ರಾಜ್ಯ ಅದು. ಕೊರತೆಯಿದ್ದದ್ದು ಹೊಣೆಯ ಹಂಚಿಕೆಯಲ್ಲಿ. ಸೈನ್ಯಕ್ಕೆ ಆಹಾರ ಒದಗಿಸುವ ಇಲಾಖೆ ಹಣಕಾಸಿನ ಖಾತೆಗೆ ಸೇರಿದ್ದು. ಹಡಗುಗಳು ನೌಕಾ ಖಾತೆಯವು. ವೈದ್ಯರಿಗೊಂದು ಪ್ರತ್ಯೇಕ ಇಲಾಖೆ. ಆಸ್ಪತ್ರೆಯ ಉಗ್ರಾಣಕ್ಕೆ ಬೇರೊಬ್ಬ ಅಧಿಕಾರಿ. ಪ್ರತಿಯೊಬ್ಬನೂ ತನ್ನ ಕಾಗದಪತ್ರಗಳನ್ನು ಸರಿಯಾಗಿಯೇ ಇಟ್ಟಿದ್ದ. ಸಿಪಾಯಿಗಳ ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ಮದ್ದಾದ ನಿಂಬೆಯ ರಸ ಡಿಸೆಂಬರಿನಲ್ಲಿ ಬಂದರಿಗೆ ಬಂದಿತ್ತು. ದಿನದ ಪಡಿಯಲ್ಲಿ ನಿಂಬೆರಸ ಕೊಡಬೇಕೆಂಬ ಆಜ್ಞೆ ಇರಲಿಲ್ಲವಾದ್ದರಿಂದ ಫೆಬ್ರುವರಿಯವರೆಗೆ ಅದು ಉಗ್ರಾಣದಲ್ಲೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಕಾಫಿಯನ್ನೂ ಕಳುಹಿಸಿದ್ದರು, ಹುರಿಯದ ಹಸಿ ಬೀಜ! ಹುರಿಯಲು ಸೌದೆಯಿಲ್ಲ, ಪುಡಿಮಾಡಲು ಯಂತ್ರವಿಲ್ಲ. ಕಾಫಿ ಕೊಟ್ಟೆವೆಂಬ ಲೆಕ್ಕ ಮಾತ್ರ ಪುಸ್ತಕದಲ್ಲಿ ಸೇರಿತು.

ಹಿಂದಿನ ಯುದ್ಧಗಳಲ್ಲಿಯೂ ಇಂಥದೇ ನಡೆದಿರಬಹುದು. ಈ ಸಲ ಮಾತ್ರ ಅದು ಮುಚ್ಚಿಹೋಗಲಿಲ್ಲ. 'ಟೈಮ್ಸ್' ಪತ್ರಿಕೆಯ ವಿಲಿಯಂ ಹೊವರ್ಡ್ ರಸೆಲ್ ರಣರಂಗದಿಂದಲೂ, ತಾಮಸ್ ಚೆನರಿ ಕಾನ್‌ಸ್ಟಾಂಟಿನೋಪಲ್ಲಿನಿಂದಲೂ ಬರೆದ ವರದಿಗಳನ್ನು ಲಂಡನ್ನಿನ ಮಧ್ಯಮ ವರ್ಗದವರು ಬೆಳಗಿನ ಚಹಾದೊಡನೆ ಓದಿದರು. ಗಾಯಕ್ಕೆ ಕಟ್ಟಲು ಬಟ್ಟೆಯ ಚೂರೂ ಇಲ್ಲವೆಂದು ತಿಳಿದು ಅವರ ಮನಸ್ಸು ಕುದಿಯಿತು. ಜನ ಚಂದಾ ಕೂಡಿಸಿದರು. ಸರ್ಕಾರವೇ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು 38 ಮಂದಿ ದಾದಿಯರೊಡನೆ ಕಳುಹಿಸಿತು. ನವೆಂಬರ್ 4ರಂದು ಅವರು ಸ್ಕುಟಾರಿಯ ಆಸ್ಪತ್ರೆಗೆ ತಲಪಿದರು. ಜನವರಿಯಲ್ಲಿ ಜಾನ್ ರೋಬಕ್ ಎಂಬ ಸದಸ್ಯರು, ಸೈನ್ಯದ ಸ್ಥಿತಿಯನ್ನೂ ಅದಕ್ಕೆ ಹೊಣೆಯಾದ ಇಲಾಖೆಗಳ ನಡತೆಯನ್ನೂ ವಿಚಾರಿಸಲು ಸಮಿತಿಯೊಂದು ಬೇಕೆಂದು ಗೊತ್ತುವಳಿ ತಂದರು. ಯುದ್ಧದ ನಡುವೆ ಇಂಥ ವಿಚಾರಣೆ ಸಲ್ಲದೆಂದು ಸರ್ಕಾರ ವಾದಿಸಿತು. ಗೊತ್ತುವಳಿಯ ಪರವಾಗಿ 305 ಮತ, ವಿರುದ್ಧವಾಗಿ 148. ಮರುದಿನ ಪ್ರಧಾನಿ ಅಬರ್ಡೀನ್ ರಾಜೀನಾಮೆ ಕೊಟ್ಟರು.

ಕಥೆ ಇಲ್ಲಿಗೆ ಮುಗಿಯುವುದಾಗಿದ್ದರೆ ನ್ಯಾಯ ಸಂದಿತೆಂದು ನಾವು ಪುಸ್ತಕ ಮುಚ್ಚಬಹುದಾಗಿತ್ತು. ಆದರೆ ಮಂತ್ರಿಗಳು ಬಿದ್ದ ಮಾರನೆಯ ತಿಂಗಳೇ ಸ್ಕುಟಾರಿಯಲ್ಲಿ ಸಾವು ಪರಮಾವಧಿಗೆ ಮುಟ್ಟಿತು. ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ 42 ಮಂದಿ ಸಾಯುತ್ತಿದ್ದರು. ಲಂಡನ್ನಿನಲ್ಲಿ ಯಾರು ಅಧಿಕಾರದಲ್ಲಿದ್ದರೇನು, ಆಸ್ಪತ್ರೆಯ ಅಡಿಯ ಮೋರಿಗಳು ಕಟ್ಟಿಕೊಂಡೇ ಇದ್ದುವು.

ಹೊಸ ಪ್ರಧಾನಿ ಪಾಮರ್ಸ್ಟನ್ನರ ಸರ್ಕಾರ ನೈರ್ಮಲ್ಯ ಆಯೋಗವೊಂದನ್ನು ಕಳುಹಿಸಿತು. ಅದರಲ್ಲಿ ವೈದ್ಯ ಸದರ್‌ಲೆಂಡ್, ಇಂಜಿನಿಯರ್ ರಾಲಿನ್ಸನ್ ಮೊದಲಾದವರಿದ್ದರು. ಅವರಿಗಿತ್ತ ಆದೇಶ ಗಮನಾರ್ಹವಾದದ್ದು: ಆಜ್ಞೆ ಹೊರಡಿಸಿ ತೃಪ್ತರಾಗಬೇಡಿ, ಕೆಲಸ ತಕ್ಷಣ ಆರಂಭವಾಗುವುದನ್ನೂ ಮುಗಿಯುವವರೆಗೆ ದಿನದಿನವೂ ಸಾಗುವುದನ್ನೂ ನೀವೇ ನೋಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಮಾರ್ಚಿಯಲ್ಲಿ ಬಂದ ಇವರು ಮೊದಲ ಹದಿನೈದು ದಿನಗಳಲ್ಲಿ 556 ಕೈಗಾಡಿ ಮತ್ತು ಬುಟ್ಟಿಗಳಷ್ಟು ಕಸ ಹೊರಹಾಕಿಸಿದರು. ಮೋರಿಗಳನ್ನು ತೊಳೆಸಿದರು, ನೀರಿನ ಕಾಲುವೆಯಲ್ಲಿ ಸತ್ತುಬಿದ್ದಿದ್ದ ಕುದುರೆಯನ್ನು ತೆಗೆಸಿದರು, ಗೋಡೆಗೆ ಸುಣ್ಣ ಬಳಿಸಿ, ಗಾಳಿಗೆ ಕಿಂಡಿ ತೆರೆಸಿದರು. ಜೂನ್ ವೇಳೆಗೆ ಸಾವು ನೂರಕ್ಕೆ 2ಕ್ಕೆ ಇಳಿಯಿತು. ಚಳಿ ಕಳೆದದ್ದೂ ರೋಗಿಗಳ ಸಂದಣಿ ತಗ್ಗಿದ್ದೂ ನೆರವಾಗಿರಬೇಕು. ಆದರೂ ಪೊರಕೆಯೂ ಸುಣ್ಣವೂ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ತಪ್ಪಿತಸ್ಥರ ಗತಿ ಏನಾಯಿತು? ಮೆಕ್‌ನೀಲ್ ಮತ್ತು ಟಲಕ್ ಎಂಬ ಇಬ್ಬರು ಕ್ರಿಮಿಯಕ್ಕೇ ಹೋಗಿ ವಿಚಾರಿಸಿ, ಅಧಿಕಾರಿಗಳ ಲೋಪವನ್ನು ತಮ್ಮ ವರದಿಯಲ್ಲಿ ಬಯಲುಮಾಡಿದರು. 1856ರಲ್ಲಿ ಸೇನಾಪತಿಗಳದೇ ಒಂದು ಮಂಡಲಿ ಚೆಲ್ಸಿಯದಲ್ಲಿ ಕೂತು ಆ ಅಧಿಕಾರಿಗಳನ್ನು ದೋಷಮುಕ್ತರನ್ನಾಗಿ ಮಾಡಿತು. ಆಸ್ಪತ್ರೆಗೆ ಸುಣ್ಣ ಬಳಿದದ್ದು ಒಂದು ಬಗೆ. ಇದು ಇನ್ನೊಂದು ಬಗೆಯ ಸುಣ್ಣ.

ಊರಿಗೆ ಮರಳಿದ ನೈಟಿಂಗೇಲ್ ಬೇರೊಂದು ದಾರಿ ಹಿಡಿದರು. ಯಾರನ್ನು ಶಿಕ್ಷಿಸಬೇಕು ಎನ್ನುವುದಕ್ಕಿಂತ ಎಷ್ಟು ಜನ, ಯಾವ ತಿಂಗಳಲ್ಲಿ, ಯಾತರಿಂದ ಸತ್ತರು ಎಂಬ ಲೆಕ್ಕ ಅವರಿಗೆ ಮುಖ್ಯವಾಯಿತು. ಅಂಕಿ ಅಂಶಗಳ ಪಂಡಿತ ವಿಲಿಯಂ ಫಾರ್ ಅವರ ನೆರವಿನಿಂದ ಲೆಕ್ಕ ಹಾಕಿದಾಗ, ಸಿಪಾಯಿಗಳನ್ನು ಶತ್ರುವಿನ ಗುಂಡಿಗಿಂತ ರೋಗವೇ ಎಷ್ಟೋ ಪಾಲು ಹೆಚ್ಚಾಗಿ ಕೊಂದಿದೆಯೆಂದು ಸ್ಪಷ್ಟವಾಯಿತು. ಅಂಕಿಗಳನ್ನು ಓದುವ ತಾಳ್ಮೆಯಿಲ್ಲದ ಮಂತ್ರಿಗಳಿಗಾಗಿ ಅವನ್ನು ಬಣ್ಣದ ಚಿತ್ರಗಳಾಗಿ ಬಿಡಿಸಿದರು. ತಮ್ಮದೇ ಆಸ್ಪತ್ರೆಯಲ್ಲಿ ಆದ ಸಾವುಗಳನ್ನೂ ಆ ಲೆಕ್ಕದಿಂದ ಮರೆಮಾಡಲಿಲ್ಲ. 1857ರಲ್ಲಿ ರಾಜ ಆಯೋಗ ನೇಮಕವಾಯಿತು; ದಂಡಿನ ಮನೆಗಳೂ ಆಸ್ಪತ್ರೆಗಳೂ ಸುಧಾರಿಸತೊಡಗಿದುವು.

ಅದೇ ಲೆಕ್ಕ ಬಳಿಕ ನಮ್ಮ ದೇಶದ ಕಡೆ ತಿರುಗಿತು. 1859ರಲ್ಲಿ ನೇಮಕವಾದ ಇನ್ನೊಂದು ಆಯೋಗ 1863ರಲ್ಲಿ ಕೊಟ್ಟ ವರದಿಯ ಪ್ರಕಾರ, ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. 1864ರಲ್ಲಿ ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳಿಗೆ ನೈರ್ಮಲ್ಯ ಆಯೋಗಗಳು ಬಂದುವು. ಆದರೆ ಮೊದಲ ಚಿಂತೆಯೆಲ್ಲ ದಂಡಿನದು. ದಂಡು, ಪೇಟೆ ಎಂದು ಎರಡು ಊರುಗಳಾಗಿ ಬೆಳೆದು 1949ರಲ್ಲಿ ಒಂದೇ ಕಾರ್ಪೊರೇಷನ್ನಿಗೆ ಸೇರಿದ ಬೆಂಗಳೂರಿನವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಲಂಡನ್ನಿನಲ್ಲಿ ಮಂತ್ರಿಗಳನ್ನು ಇಳಿಸಿದ ಮತದಾರ ಇಲ್ಲಿರಲಿಲ್ಲ. ಪ್ರಜೆಗೆ ಸಿಕ್ಕಿದ್ದು ದಯೆಯ ದಾನ. ಕೇಳಿ ಪಡೆಯುವ ಹಕ್ಕಲ್ಲ.

1950ರ ಸಂವಿಧಾನದಿಂದ ಆ ಸ್ಥಿತಿ ಬದಲಾಯಿತು. ಎಷ್ಟು ಬದಲಾಯಿತೆಂಬುದನ್ನು ಒಬ್ಬ ಬಡ ಕೂಲಿಕಾರನ ಮೊಕದ್ದಮೆ ಪರೀಕ್ಷಿಸಿತು. 1992ರ ಜುಲೈ 8ರ ಸಂಜೆ ಪಶ್ಚಿಮ ಬಂಗಾಳದ ಮಥುರಾಪುರ ಸ್ಟೇಷನ್ನಿನಲ್ಲಿ ಅವನು ರೈಲಿನಿಂದ ಬಿದ್ದ. ತಲೆಯೊಳಗೆ ರಕ್ತಸ್ರಾವವಾಗುತ್ತಿತ್ತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸೌಕರ್ಯವಿಲ್ಲವೆಂದರು. ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳಿಗೆ ರಾತ್ರಿಯೆಲ್ಲ ಅಲೆದದ್ದಾಯಿತು. ಒಂದರಲ್ಲಿ ಹಾಸಿಗೆಯಿಲ್ಲ, ಇನ್ನೊಂದರಲ್ಲಿ ಉಪಕರಣವಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದ. ಕೃಷಿ ಕೂಲಿಕಾರರ ಸಂಘ ಅವನ ಪರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

1996ರ ಮೇ 6ರ ತೀರ್ಪು ಎರಡು ಮಾತುಗಳನ್ನು ಖಂಡಿತವಾಗಿ ಹೇಳಿತು. ತುರ್ತು ಚಿಕಿತ್ಸೆ ಸಿಕ್ಕದಂತಾದರೆ ಅದು ಸಂವಿಧಾನದ 21ನೆಯ ಅನುಚ್ಛೇದ ಕೊಟ್ಟ ಜೀವದ ಹಕ್ಕಿಗೆ ಭಂಗ; ಹಣವಿಲ್ಲವೆಂಬ ನೆಪದಿಂದ ಸರ್ಕಾರ ಈ ಹೊಣೆಯನ್ನು ಕಳಚಿಕೊಳ್ಳುವಂತಿಲ್ಲ. ಗಾಯಾಳುವಿಗೆ 25,000 ರೂಪಾಯಿ ಪರಿಹಾರ ಕೊಡಿಸಿದ್ದು ಕಳೆದದ್ದಕ್ಕೆ. ಮುಂದಿನದಕ್ಕಾಗಿ, ಕೆಳಗಿನ ಆಸ್ಪತ್ರೆಯಿಂದ ಮೇಲಿನದಕ್ಕೆ ಸಾಗಿಸಲು ಉಪಕರಣವೂ ಸಿಬ್ಬಂದಿಯೂ ಇರುವ ಆಂಬುಲೆನ್ಸ್ ಬೇಕು, ಎಲ್ಲಿ ಹಾಸಿಗೆಯಿದೆಯೆಂದು ತಿಳಿಸುವ ಕೇಂದ್ರ ವ್ಯವಸ್ಥೆ ಬೇಕು ಎಂದು ಸೂಚಿಸಿತು. ಕರ್ನಾಟಕದಲ್ಲಿ 108ರ ಸಂಖ್ಯೆಯ ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು.

ಒಂದು ದೇಶದಲ್ಲಿ ಮಂತ್ರಿಮಂಡಲ ಬಿತ್ತು. ಇನ್ನೊಂದರಲ್ಲಿ ತೀರ್ಪು ಬಂತು. ಎರಡೂ ದೊಡ್ಡ ಸಂಗತಿಗಳೇ. ಆದರೆ ರೋಬಕ್ಕರ ಗೊತ್ತುವಳಿ ತಾನಾಗಿ ಮೋರಿ ತೊಳೆಯಲಿಲ್ಲ. ಕೋರ್ಟಿನ ತೀರ್ಪೂ ತಾನಾಗಿ ಬಂಡಿ ಓಡಿಸುವುದಿಲ್ಲ. ಹಾಗೆಂದು ಅವು ವ್ಯರ್ಥವೆನ್ನುವುದೂ ತಪ್ಪು. ಆ ಮತದಾನ ನಡೆಯದಿದ್ದರೆ ಮಾರ್ಚಿಯಲ್ಲಿ ಪೊರಕೆ ಹಿಡಿದ ಆಯೋಗವೇ ಹೊರಡುತ್ತಿತ್ತೋ ಇಲ್ಲವೋ! ಹೊಣೆ ಎಂಬುದಕ್ಕೆ ಎರಡು ಕಾಲು: ಉತ್ತರ ಕೇಳುವುದು ಒಂದು, ಕೆಲಸ ಮುಗಿಯುವವರೆಗೆ ನೋಡುವುದು ಮತ್ತೊಂದು. ಮೊದಲನೆಯದನ್ನು ನಾವು ಬಲು ಉತ್ಸಾಹದಿಂದ ಮಾಡುತ್ತೇವೆ. ಒಂದು ಸಾವು ಪತ್ರಿಕೆಯಲ್ಲಿ ಬಂದ ವಾರ ಎಲ್ಲರ ಬಾಯಲ್ಲೂ ಅದೇ ಮಾತು. ಮರುವಾರ ಆ ಬಂಡಿ ಬಂತೇ, ಎಷ್ಟು ಹೊತ್ತಿಗೆ ಬಂತು, ಒಳಗೆ ಆಮ್ಲಜನಕವಿತ್ತೇ ಎಂದು ಲೆಕ್ಕ ಕೇಳುವವರು ಎಷ್ಟು ಜನ? ನಿಂಬೆರಸ ಉಗ್ರಾಣದಲ್ಲೇ ಉಳಿದದ್ದು ಅಂಥ ಲೆಕ್ಕ ಕೇಳುವವರಿಲ್ಲದೆ.