ಸಂಚಕಾರ ಕೊಟ್ಟವನೇ ಸಂಚಕಾರ ತಂದಾಗ

ಕನ್ನಡದಲ್ಲಿ ‘ಸಂಚಕಾರ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ವ್ಯಾಪಾರ ಕುದುರಿದಾಗ ಕೊಳ್ಳುವವನು ಮಾರುವವನ ಕೈಗೆ ಹಾಕುವ ಮುಂಗಡ ಹಣ ಒಂದು. ‘ಪ್ರಾಣಕ್ಕೆ ಸಂಚಕಾರ ಬಂತು’ ಎನ್ನುವಾಗಿನ ಕೇಡು ಇನ್ನೊಂದು. ಮೊದಲನೆಯದು ಸಂಸ್ಕೃತದ ‘ಸತ್ಯಂಕಾರ’ದ ತದ್ಭವ, ಆಡಿದ ಮಾತನ್ನು ಸತ್ಯವಾಗಿಸುವುದು ಎಂದರ್ಥ. ತದ್ಭವಗಳ ಪಾಠ ಮಾಡುವಾಗ ಈ ಪದ ಬಂದರೆ ಮಕ್ಕಳು ಎರಡನೆಯ ಅರ್ಥವನ್ನಷ್ಟೇ ಹೇಳುತ್ತಿದ್ದರು. ಹಳೆಯ ಕಾರನ್ನು ಅಂತರಜಾಲದಲ್ಲಿ ಮಾರಲು ಹೊರಟು ಕೈಸುಟ್ಟುಕೊಂಡವರ ಕಥೆಗಳನ್ನು ಕೇಳುವಾಗ, ಆ ಎರಡು ಅರ್ಥಗಳೂ ಒಂದೇ ಮನುಷ್ಯನಲ್ಲಿ ಕೂಡಿಬರುವುದನ್ನು ಕಾಣುತ್ತೇನೆ.

ಈ ಮೋಸ ಮೊಬೈಲಿನ ಜೊತೆಗೆ ಹುಟ್ಟಿತೆಂದು ಅನೇಕರು ತಿಳಿದಿದ್ದಾರೆ. ಅದರ ವಂಶಾವಳಿ ಬಹಳ ಹಿಂದಕ್ಕೆ ಹೋಗುತ್ತದೆ. ನಮ್ಮ ದನಗಳ ಜಾತ್ರೆಗಳನ್ನೇ ನೆನೆಯಿರಿ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ ಆ ವ್ಯಾಪಾರದಲ್ಲಿ ಭಯವೆಲ್ಲ ಕೊಳ್ಳುವವನದು: ಎತ್ತಿನ ಹಲ್ಲು ನೋಡಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ಮಾರುವವನಿಗೆ ಇದ್ದ ಚಿಂತೆ ನಾಣ್ಯ ಖೊಟ್ಟಿಯೋ ಅಸಲಿಯೋ ಎಂಬುದಷ್ಟೆ, ಅದನ್ನು ನೋಡಿ ಹೇಳಲು ಚಿನಿವಾರನಿದ್ದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ‘ರೂಪದರ್ಶಕ’ನೆಂಬ ಅಧಿಕಾರಿಯೇ ಇದ್ದಾನೆ. ಹಗ್ಗ ಕೈ ಬದಲಾಗುವ ಹೊತ್ತಿಗೆ ಹಣವೂ ಕೈ ಬದಲಾಗಿರುತ್ತಿತ್ತು. ಸರಕು ಹೋಗುವ ಗಳಿಗೆಗೂ ಹಣ ನಿಜವಾಗಿ ಬಂದು ಸೇರುವ ಗಳಿಗೆಗೂ ನಡುವೆ ಯಾವಾಗ ಅಂತರ ಬಿತ್ತೋ, ಅಂದಿನಿಂದ ಕೊಳ್ಳುವವನ ವೇಷದ ಠಕ್ಕನಿಗೆ ವಾಸಕ್ಕೆ ಜಾಗ ಸಿಕ್ಕಿತು. ಚೆಕ್ಕು ಅಂಥ ಒಂದು ಅಂತರ. ಇದರ ಅತ್ಯುತ್ತಮ ದಾಖಲೆಗಳಿರುವುದು ಇಂಗ್ಲೆಂಡಿನ ನ್ಯಾಯಾಲಯಗಳ ವರದಿಗಳಲ್ಲಿ. ಕಾನೂನು ಕಾಲೇಜಿನ ಮಕ್ಕಳು ಇಂದಿಗೂ ಅವನ್ನು ಓದುತ್ತಾರೆ. ನಾನು ಓದಿದ್ದು ಕಥೆಯ ಆಸೆಗೆ.

ಕಾರಿಗೆ ಮೊದಲು ಕುದುರೆಯಿತ್ತಲ್ಲವೇ? 1779ರಲ್ಲಿ ಲಂಡನ್ನಿನಲ್ಲಿ ಒಬ್ಬ, ಸಂಜೆಯೊಳಗೆ ಹಿಂತಿರುಗಿಸುತ್ತೇನೆಂದು ಹೇಳಿ ಹೆಣ್ಣುಕುದುರೆಯೊಂದನ್ನು ಬಾಡಿಗೆಗೆ ಪಡೆದು ಅದೇ ದಿನ ಮಾರಿಬಿಟ್ಟ. ಮಾಲೀಕ ತಾನಾಗಿಯೇ ಕೊಟ್ಟದ್ದನ್ನು ಒಯ್ದರೆ ಅದು ಕಳವು ಹೇಗಾದೀತು ಎಂದು ನ್ಯಾಯಾಧೀಶರು ಬಹಳ ತಲೆ ಕೆಡಿಸಿಕೊಂಡರು. ಮೊದಲಿನಿಂದಲೂ ಮನಸ್ಸಿನಲ್ಲಿ ಮೋಸವಿದ್ದುದರಿಂದ ಅದು ಕಳವೇ ಎಂದು ಕೊನೆಗೆ ತೀರ್ಮಾನವಾಯಿತು.

ಇನ್ನು ಕಾರಿನ ಕಥೆ. 1957ರ ಆಗಸ್ಟ್ ತಿಂಗಳು, ಬೋರ್ನ್‌ಮತ್ ಪಟ್ಟಣ. ಅಕ್ಕತಂಗಿಯರಿಬ್ಬರು ಮತ್ತೊಬ್ಬ ಮಹಿಳೆಯೊಡನೆ ಜಂಟಿಯಾಗಿ ಹೊಂದಿದ್ದ ರೆನೋ ಡಾಫೀನ್ ಕಾರನ್ನು ಮಾರಲು ಜಾಹೀರಾತು ಕೊಟ್ಟರು. ಬಂದವನೊಬ್ಬ ಕಾರನ್ನು ಓಡಿಸಿ ನೋಡಿ, 717 ಪೌಂಡಿಗೆ ಒಪ್ಪಿ ಚೆಕ್ ಪುಸ್ತಕ ತೆಗೆದ. ಅಕ್ಕ ಕೂಡಲೇ, ‘ಚೆಕ್ ಆದರೆ ವ್ಯಾಪಾರವೇ ಬೇಡ, ನಗದು ಬೇಕು’ ಎಂದಳು. ಆಗ ಅವನು ತಾನು ಹಚಿನ್ಸನ್ ಎಂಬ ಗೃಹಸ್ಥನೆಂದೂ, ಕೇಟರ್‌ಹ್ಯಾಮ್‌ನಲ್ಲಿ ಮನೆಯಿದೆಯೆಂದೂ, ಗಿಲ್ಡ್‌ಫರ್ಡಿನಲ್ಲಿ ವ್ಯವಹಾರವಿದೆಯೆಂದೂ ಹೇಳಿಕೊಂಡ. ಇನ್ನೊಬ್ಬಳು ಮೆಲ್ಲನೆ ಎದ್ದು ಅಂಚೆ ಕಚೇರಿಗೆ ಹೋಗಿ ದೂರವಾಣಿ ಕೈಪಿಡಿ ತಿರುವಿದಳು. ಹೆಸರೂ ಇತ್ತು, ವಿಳಾಸವೂ ಇತ್ತು. ಚೆಕ್ ಪಡೆದು ಕಾರು ಕೊಟ್ಟರು. ಆ ಹೆಸರಿನ ಗೃಹಸ್ಥ ಇದ್ದದ್ದು ನಿಜ, ಬಂದವನು ಅವನಾಗಿರಲಿಲ್ಲ. ಅಷ್ಟು ಎಚ್ಚರದ ಹೆಂಗಸರು! ಅವರು ಪರೀಕ್ಷಿಸಿದ್ದು ಹೆಸರನ್ನು. ಆ ಹೆಸರು ಎದುರಿಗೆ ಕುಳಿತವನದೇ ಎಂಬುದಕ್ಕೆ ಪುರಾವೆ ಕೈಪಿಡಿಯಲ್ಲಿ ಸಿಗುವಂಥದಲ್ಲ. ಇಂದು ವಾಟ್ಸ್‌ಆ್ಯಪಿನಲ್ಲಿ ಬರುವ ಆಧಾರ್ ಚಿತ್ರವನ್ನು ನೋಡಿ ನಂಬುವವರೂ ಮಾಡುತ್ತಿರುವುದು ಇದನ್ನೇ.

ಎರಡನೆಯ ಪ್ರಕರಣ 1969ರದು, ಸ್ವಲ್ಪ ನಗೆಯನ್ನೂ ತರಿಸುವಂಥದು. ಬ್ರಿಸ್ಟಲ್‌ನ ವಿದ್ಯಾರ್ಥಿಯೊಬ್ಬ ತನ್ನ ಆಸ್ಟಿನ್ ಕೂಪರ್ ಕಾರನ್ನು 450 ಪೌಂಡಿಗೆ ಮಾರಲು ಪತ್ರಿಕೆಯಲ್ಲಿ ಜಾಹೀರಾತು ಹಾಕಿದ. ಬಂದವನು ತಾನು ನಟ ರಿಚರ್ಡ್ ಗ್ರೀನ್ ಎಂಬಂತೆ ಮಾತನಾಡಿದ. ದೂರದರ್ಶನದ ‘ರಾಬಿನ್ ಹುಡ್’ ಸರಣಿಯ ನಾಯಕನಾಗಿ ಗ್ರೀನ್ ಅಲ್ಲಿ ಮನೆಮಾತಾಗಿದ್ದ ಕಾಲ. ಚೆಕ್ ಬರೆದುಕೊಟ್ಟ. ಹುಡುಗ ಮೂರ್ಖನಲ್ಲ, ಕಾರಿನಲ್ಲಿ ಸಣ್ಣಪುಟ್ಟ ರಿಪೇರಿ ಬಾಕಿಯಿದೆ ಎಂಬ ನೆಪ ಹೇಳಿ, ಚೆಕ್ ನಗದಾಗುವವರೆಗೆ ಕಾಲ ತಳ್ಳಲು ನೋಡಿದ. ‘ರಿಪೇರಿ ಇರಲಿ, ಈಗಲೇ ಒಯ್ಯುತ್ತೇನೆ’ ಎಂದ ಆತ, ಪುರಾವೆ ಕೇಳಿದಾಗ ಪೈನ್‌ವುಡ್ ಸ್ಟುಡಿಯೋದ ಪ್ರವೇಶ ಪತ್ರ ತೋರಿಸಿದ: ಭಾವಚಿತ್ರವೂ ಮುದ್ರೆಯೂ ಇದ್ದವು. ಕಾರೂ ಹೋಯಿತು, ಲಾಗ್ ಬುಕ್ಕೂ (ನಮ್ಮ ಆರ್.ಸಿ. ಪುಸ್ತಕದಂಥದು) ಹೋಯಿತು. ಚೆಕ್ಕು ಕದ್ದ ಪುಸ್ತಕದ್ದು. ಠಕ್ಕ ಆ ಲಾಗ್ ಬುಕ್ ಹಿಡಿದು ಮೂಲ ಮಾಲೀಕನ ಹೆಸರಿನಲ್ಲೇ ಲಂಡನ್ನಿನ ಸಂಗೀತ ವಿದ್ಯಾರ್ಥಿಯೊಬ್ಬನಿಗೆ 200 ಪೌಂಡಿಗೆ ಕಾರನ್ನು ದಾಟಿಸಿದ.

ಈಗ ಕಾರು ಯಾರದು? ಮೋಸಗಾರ ಮಾಯವಾದ ಮೇಲೆ ಉಳಿಯುವುದು ಇಬ್ಬರು ನಿರಪರಾಧಿಗಳು. ಬೋರ್ನ್‌ಮತ್ ಸೋದರಿಯರಿಗೆ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ನ್ಯಾಯ ಕೊಟ್ಟಿತು. ನ್ಯಾಯಮೂರ್ತಿ ಡೆವ್ಲಿನ್ ಮಾತ್ರ ಭಿನ್ನ ತೀರ್ಪು ಬರೆದು, ಇಂಥ ನಷ್ಟವನ್ನು ಇಬ್ಬರಿಗೂ ಹಂಚುವಂಥ ಕಾನೂನಿರಬಾರದೇಕೆ ಎಂದು ಕೇಳಿದರು. ನನಗೆ ಅದೇ ಹೆಚ್ಚು ಸರಿಯೆನಿಸುತ್ತದೆ. 1971ರಲ್ಲಿ ‘ನಟ’ನ ಪ್ರಕರಣ ಬಂದಾಗ ಲಾರ್ಡ್ ಡೆನಿಂಗ್ ಅವರ ಪೀಠ ಸಂಗೀತ ವಿದ್ಯಾರ್ಥಿಯ ಪರ ತೀರ್ಪಿತ್ತಿತು. ಒಪ್ಪಂದ ವಂಚನೆಯಿಂದಾದದ್ದು ಹೌದು, ಆದರೆ ಮಾರಿದವನು ಅದನ್ನು ರದ್ದುಪಡಿಸುವ ಮೊದಲೇ ಇನ್ನೊಬ್ಬ ಪ್ರಾಮಾಣಿಕವಾಗಿ ಕೊಂಡಿದ್ದ. ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ 1930ರ ಸರಕು ಮಾರಾಟ ಕಾಯಿದೆಯ 29ನೆಯ ಕಲಮು ಇದೇ ತತ್ತ್ವವನ್ನು ಹೇಳುತ್ತದೆ.

ರದ್ದುಪಡಿಸುವುದು ಹೇಗೆ? ಓಡಿಹೋದವನಿಗೆ ನೋಟೀಸು ಕೊಡುವುದೆಲ್ಲಿ? 1960ರ ಜನವರಿಯಲ್ಲಿ ಜಾಗ್ವಾರ್ ಕಾರೊಂದರ ಮಾಲೀಕ ಹೀಗೆಯೇ ಮೋಸಹೋದ. ಮರುದಿನ ಚೆಕ್ ತಿರಸ್ಕೃತವಾದ ಕೂಡಲೇ ಪೊಲೀಸರಿಗೂ ಆಟೊಮೊಬೈಲ್ ಅಸೋಸಿಯೇಷನ್ನಿಗೂ ತಿಳಿಸಿ ಕಾರನ್ನು ಹುಡುಕಿಸಿಕೊಡಿ ಎಂದ. ಅಷ್ಟು ಮಾಡಿದ್ದೇ ಒಪ್ಪಂದವನ್ನು ರದ್ದುಪಡಿಸಿದಂತೆ ಎಂದು ಮುಂದೆ ತೀರ್ಪಾಯಿತು. ಠಕ್ಕ ಆ ಬಳಿಕ ಮಾಡಿದ ಮಾರಾಟ ನಿಲ್ಲಲಿಲ್ಲ. ‘ಮರ್ಯಾದೆ ಹೋಗುತ್ತದೆ, ನಾಲ್ಕು ದಿನ ನೋಡೋಣ’ ಎಂದು ಸುಮ್ಮನೆ ಕೂರುವ ನಮ್ಮ ಹಿರಿಯರಿಗೆ ಈ ಕಥೆಯನ್ನು ಹೇಳಬೇಕು. ಈಗ ನಮ್ಮಲ್ಲಿ ಸೈಬರ್ ವಂಚನೆಗೆಂದೇ 1930 ಎಂಬ ಸಹಾಯವಾಣಿಯಿದೆ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ಕರೆ ಹೋದರೆ ಅದನ್ನು ತಡೆಹಿಡಿಯುವ ಅವಕಾಶವುಂಟು.

ಅಂತರಜಾಲ ಬಂದಾಗ ಅಮೆರಿಕದಲ್ಲಿ ಈ ವಿದ್ಯೆ ಹೊಸ ರೂಪ ತಾಳಿತು. ಅಲ್ಲಿ ಬ್ಯಾಂಕುಗಳು ಗ್ರಾಹಕರ ಚೆಕ್ಕಿನ ಹಣವನ್ನು ದಿನಗಟ್ಟಲೆ ತಡೆದಿಡುತ್ತಿದ್ದವೆಂದು 1987ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ನಮ್ಮ ಡಿ.ಡಿ.ಯನ್ನು ಹೋಲುವ ಕ್ಯಾಷಿಯರ್ಸ್ ಚೆಕ್ಕನ್ನು ಖಾತೆಗೆ ಕಟ್ಟಿದರೆ ಸಾಮಾನ್ಯವಾಗಿ ಮರುದಿನವೇ ಹಣ ತೆಗೆಯಬಹುದು. ಒಳ್ಳೆಯ ಉದ್ದೇಶದ ಕಾನೂನೇ. ಆದರೆ ಚೆಕ್ಕು ಖೊಟ್ಟಿಯೆಂದು ತಿಳಿಯಲು ವಾರಗಳೇ ಹಿಡಿಯಬಹುದು! ಠಕ್ಕ ಆ ಅಂತರದಲ್ಲಿ ಬಂದು ಕುಳಿತ. ಕಾರಿನ ಬೆಲೆಗಿಂತ ಹೆಚ್ಚು ಮೊತ್ತದ ಚೆಕ್ ಕಳಿಸುತ್ತಾನೆ. ‘ಹೆಚ್ಚಿನದನ್ನು ಕಾರು ಸಾಗಿಸುವವನಿಗೆ ಕಳಿಸಿಬಿಡಿ’ ಎನ್ನುತ್ತಾನೆ. ಕಳಿಸಬೇಕಾದದ್ದು ಮಾತ್ರ ಒಮ್ಮೆ ಹೋದರೆ ಹಿಂದೆ ಬರದ ತಂತಿ ಹಣ. ಚೆಕ್ಕು ವಾಪಸಾದಾಗ ಬ್ಯಾಂಕು ಪೂರ್ತಿ ಮೊತ್ತವನ್ನು ಮಾರುವವನಿಂದಲೇ ವಸೂಲು ಮಾಡುತ್ತದೆ. ತಂತಿ ಹಣದ ಹಳೆಯ ಹೆಸರಾದ ವೆಸ್ಟರ್ನ್ ಯೂನಿಯನ್, ಇಂಥ ವಂಚನೆಗಳಿಗೆ ತನ್ನ ಮೂಲಕ ದಾರಿಯಾದುದನ್ನು ಒಪ್ಪಿಕೊಂಡು 2017ರಲ್ಲಿ 58.6 ಕೋಟಿ ಡಾಲರ್ ತೆರಬೇಕಾಯಿತು.

ನಮ್ಮ ದೇಶದಲ್ಲಿ ಚೆಕ್ಕಿನ ಆ ಅಂತರವನ್ನು 2016ರ ಏಪ್ರಿಲ್‌ನಲ್ಲಿ ಬಂದ ಯು.ಪಿ.ಐ. ಅಳಿಸಿಹಾಕಿತು. ಹಣ ಕ್ಷಣದಲ್ಲಿ ಬರುತ್ತದೆ, ಬಂದದ್ದು ಬಂದದ್ದೇ. ಹಾಗಾದರೆ ಠಕ್ಕ ಉಪವಾಸ ಬಿದ್ದನೇ? ಇಲ್ಲ. ಹಣ ಯಾವ ದಿಕ್ಕಿಗೆ ಹರಿಯುತ್ತದೆಂಬುದು ಹೊಸಬರಿಗೆ ತಿಳಿಯದಿದ್ದುದೇ ಅವನ ಬಂಡವಾಳವಾಯಿತು.

ನಾನೇ 2019ರಲ್ಲಿ ಹಳೆಯ ಆಲ್ಟೊ ಕಾರನ್ನು ಮಾರಾಟಕ್ಕಿಟ್ಟಾಗ ಅರ್ಧ ಗಂಟೆಯೊಳಗೆ ಹಿಂದಿಯಲ್ಲಿ ಕರೆ ಬಂತು. ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಕಾರನ್ನು ನೋಡಲು ಬಿಡುವಿಲ್ಲ, ಹೇಳಿದ ಬೆಲೆಗೇ ತೆಗೆದುಕೊಳ್ಳುತ್ತೇನೆ ಎಂದ. ಕೇಳದೆಯೇ ಗುರುತಿನ ಚೀಟಿಯ ಚಿತ್ರ ಬಂತು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಮನೆಯವರು, ‘ಟೈರ್ ಹೇಗಿದೆ ಅಂತಾನೂ ಕೇಳಲಿಲ್ಲವಲ್ಲ, ಇವನು ಕಾರಿಗೆ ಬಂದೋನಲ್ಲ ಕಣ್ರೀ’ ಎಂದರು. ಮುಂದಿನದು ಊಹಿಸಿದಂತೆಯೇ ನಡೆಯಿತು: ಕ್ಯೂ.ಆರ್. ಚಿತ್ರವೊಂದನ್ನು ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಮುಂಗಡ ನಿಮ್ಮ ಖಾತೆಗೆ ಬೀಳುತ್ತದೆ, ಸೇನೆಯ ಪಾವತಿ ಪದ್ಧತಿಯೇ ಹಾಗೆ ಎಂದ. ಪಿನ್ ಒತ್ತುವುದು ಕೊಡುವುದಕ್ಕೆ, ಪಡೆಯುವುದಕ್ಕಲ್ಲ ಎಂದು ನಾನು ಹೇಳುವಷ್ಟರಲ್ಲಿ ಕರೆ ಕಡಿಯಿತು. ಚೀಟಿಯ ಚಿತ್ರ ಯಾವ ನಿಜವಾದ ಯೋಧನದೋ, ಪಾಪ. ಅಂದಿನ ನಟನ ಜಾಗದಲ್ಲಿ ಇಂದು ಸಮವಸ್ತ್ರ ಬಂದಿದೆ. ಯಾವ ಸಮಾಜ ಯಾರನ್ನು ಕಂಡರೆ ಪ್ರಶ್ನಿಸದೆ ಗೌರವಿಸುತ್ತದೋ ಅವರ ವೇಷವನ್ನೇ ಠಕ್ಕ ಹಾಕುತ್ತಾನೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ‘ಕಲೆಕ್ಟ್’ ಸೌಲಭ್ಯವೂ ಇಂಥದೇ ಬಲೆಯಾಗಿತ್ತು. ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಕ್ಯೂ.ಆರ್. ಇನ್ನೂ ಇದೆ, ಹಣ ಜಮೆಯಾಯಿತೆನ್ನುವ ಖೊಟ್ಟಿ ಸಂದೇಶಗಳೂ ಇವೆ.

ಇವೆಲ್ಲದರ ನಡುವೆ ಹೆಚ್ಚು ಮಾತಿಗೆ ಬರದ ಇನ್ನೊಬ್ಬ ಗಿರಾಕಿಯಿದ್ದಾನೆ. ಅವನು ಪೂರ್ತಿ ಹಣ ಕೊಡುತ್ತಾನೆ, ಚೌಕಾಶಿಯನ್ನೂ ಮಾಡುತ್ತಾನೆ; ಫಾರಂಗಳಿಗೆ ಸಹಿ ಹಾಕಿಸಿಕೊಂಡು ‘ಹೆಸರು ನಾನೇ ಬದಲಾಯಿಸಿಕೊಳ್ಳುತ್ತೇನೆ’ ಎಂದು ಹೊರಟುಹೋಗುತ್ತಾನೆ, ಬದಲಾಯಿಸುವುದಿಲ್ಲ. ಸರ್ವೋಚ್ಚ ನ್ಯಾಯಾಲಯದ ಮುಂದೆ 2018ರಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ಕಾರನ್ನು ಮಾಲೀಕ ಮಾರಿದ್ದು 2007ರಲ್ಲಿ. ಅದು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತವಾಯಿತು. ನೋಂದಣಿ ಇನ್ನೂ ಮೊದಲನೆಯವನ ಹೆಸರಿನಲ್ಲೇ ಇದ್ದುದರಿಂದ ಕಾನೂನಿನ ಕಣ್ಣಿಗೆ ಅವನೇ ಮಾಲೀಕನೆಂದೂ, ಪರಿಹಾರದ ಹೊಣೆ ಅವನದೆಂದೂ ನ್ಯಾಯಾಲಯ ಹೇಳಿತು. ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಅದಕ್ಕಿರುವುದು 29ನೆಯ ನಮೂನೆ. ನನ್ನ ಆಲ್ಟೊ ಕೊನೆಗೆ ಪಕ್ಕದ ಬೀದಿಯ ಮೆಕ್ಯಾನಿಕ್ ಒಬ್ಬನಿಗೆ ಹೋಯಿತು. ಅವನು ಎರಡು ದಿನ ಎಂಜಿನ್ ಬಿಚ್ಚಿ ನೋಡಿ, ಹೇಳಿದ ಬೆಲೆಯಲ್ಲಿ ಹನ್ನೆರಡು ಸಾವಿರ ಇಳಿಸಿ, ನನ್ನೊಡನೆ ಆರ್.ಟಿ.ಒ. ಕಚೇರಿಯ ಸಾಲಿನಲ್ಲಿ ನಿಂತ.