ತಾಯಿ ನುಂಗಿದ ಗುಳಿಗೆ, ಮಗಳಿಗೆ ಬಂದ ರೋಗ

ಗರ್ಭದಲ್ಲಿರುವ ಶಿಶುವಿಗೆ ಮಾಸು ಭದ್ರವಾದ ಕೋಟೆ, ತಾಯಿಯ ರಕ್ತದಲ್ಲಿರುವ ಹಾನಿಕಾರಕ ವಸ್ತು ಅದನ್ನು ದಾಟಲಾರದು ಎಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಇತ್ತು. 1961ರಲ್ಲಿ ಥಾಲಿಡೊಮೈಡ್ ಔಷಧಿ ಅದನ್ನು ಸುಳ್ಳಾಗಿಸಿತು. ಆ ಹಾನಿ ಮಗು ಹುಟ್ಟಿದ ಕೂಡಲೇ ಕಾಣುತ್ತಿತ್ತು. ಇಪ್ಪತ್ತು ವರ್ಷ ಅಡಗಿದ್ದು ಹೊರಬೀಳುವ ಹಾನಿಯೂ ಉಂಟೆಂದು ತೋರಿಸಿದ್ದು ಇನ್ನೊಂದು ಔಷಧಿ: ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್, ಅಂದರೆ ಡಿ.ಇ.ಎಸ್.

ಸ್ತ್ರೀಹಾರ್ಮೋನಾದ ಈಸ್ಟ್ರೊಜೆನ್‌ನಂತೆ ವರ್ತಿಸುವ ಈ ಕೃತಕ ವಸ್ತುವನ್ನು 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ತಯಾರಿಸಿದರು. ಪೇಟೆಂಟ್ ಇರಲಿಲ್ಲ, ಬೆಲೆ ಅಗ್ಗ, ಗುಳಿಗೆಯಾಗಿ ನುಂಗಬಹುದಿತ್ತು. ಹಾರ್ಮೋನಿನ ಕೊರತೆಯಿಂದ ಗರ್ಭಪಾತವಾಗುತ್ತದೆಂದು ಭಾವಿಸಿದ ಹಾರ್ವರ್ಡ್‌ನ ಜಾರ್ಜ್ ಮತ್ತು ಆಲಿವ್ ಸ್ಮಿತ್ ದಂಪತಿಗಳು ಇದನ್ನು ಗರ್ಭಿಣಿಯರಿಗೆ ಸೂಚಿಸಿದರು. ದಿನಕ್ಕೆ 5 ಮಿಲಿಗ್ರಾಮ್‌ನಿಂದ ಆರಂಭಿಸಿ 125 ಮಿಲಿಗ್ರಾಮ್‌ವರೆಗೆ ಏರಿಸುವುದು ಅವರ ಕ್ರಮ. 1947ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ದೊರೆಯಿತು.

ಆದರೆ ಗುಳಿಗೆ ನುಂಗದವರ ಜೊತೆ ಸರಿಯಾದ ಹೋಲಿಕೆ ನಡೆದಿರಲಿಲ್ಲ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಡೀಕ್‌ಮನ್ ತಂಡ ಆ ಕೆಲಸ ಮಾಡಿತು. 1,646 ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ಹುಸಿಗುಳಿಗೆ. ಡಿ.ಇ.ಎಸ್.ನಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಆದರೂ ವೈದ್ಯರು ಅದನ್ನು ಬರೆದುಕೊಡುವುದು ಮುಂದಿನ 18 ವರ್ಷ ನಿಲ್ಲಲಿಲ್ಲ!

1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್‌ಸ್ಟ್ ಮತ್ತು ಸಹೋದ್ಯೋಗಿಗಳು, ಎಳೆವಯಸ್ಸಿನಲ್ಲಿ ಅತಿ ವಿರಳವಾದ ಯೋನಿ ಕ್ಯಾನ್ಸರಿಗೆ ತುತ್ತಾದ ಎಂಟು ಯುವತಿಯರ ಬಗ್ಗೆ ವರದಿ ಮಾಡಿದರು. ಅವರಲ್ಲಿ ಏಳು ಮಂದಿಯ ತಾಯಂದಿರು ಬಸಿರಿನಲ್ಲಿ ಡಿ.ಇ.ಎಸ್. ಸೇವಿಸಿದ್ದರು. ಹೋಲಿಕೆಗೆ ಆರಿಸಿದ 32 ಆರೋಗ್ಯವಂತ ಯುವತಿಯರ ತಾಯಂದಿರಲ್ಲಿ ಒಬ್ಬರೂ ಸೇವಿಸಿರಲಿಲ್ಲ. ಎಂಟೇ ರೋಗಿಗಳಿಂದ ತೀರ್ಮಾನ ಸಾಧ್ಯವೇ? ನೀವೇ ಲೆಕ್ಕ ಹಾಕಿ. ಔಷಧಿಗೂ ರೋಗಕ್ಕೂ ಸಂಬಂಧವಿಲ್ಲವೆಂದರೆ, 40 ತಾಯಂದಿರಲ್ಲಿ ಔಷಧಿ ಸೇವಿಸಿದ ಏಳು ಮಂದಿಯೂ ರೋಗಿಗಳ ಗುಂಪಿಗೇ ಸೇರುವ ಸಂಭವನೀಯತೆ ಸುಮಾರು 23 ಲಕ್ಷಕ್ಕೆ ಒಂದು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಗರ್ಭಿಣಿಯರಿಗೆ ಇದನ್ನು ಕೊಡಬಾರದೆಂದು ಎಚ್ಚರಿಸಿತು.

ಕಾರಣವೇನು? ಸಹಜ ಈಸ್ಟ್ರೊಜೆನ್‌ನ ಬಹುಭಾಗವನ್ನು ರಕ್ತದ ಪ್ರೋಟೀನುಗಳು ಹಿಡಿದಿಟ್ಟುಕೊಳ್ಳುತ್ತವೆ, ಡಿ.ಇ.ಎಸ್. ಈ ಹಿಡಿತದಿಂದ ಹೆಚ್ಚಾಗಿ ನುಣುಚಿಕೊಳ್ಳುತ್ತದೆ. ಮಾಸನ್ನು ದಾಟಿ, ಭ್ರೂಣದ ಜೀವಕೋಶಗಳಲ್ಲಿರುವ ಈಸ್ಟ್ರೊಜೆನ್ ಗ್ರಾಹಕಗಳಿಗೆ ಅಂಟಿಕೊಂಡು, ಅಂಗಗಳು ರೂಪುಗೊಳ್ಳುವ ಹೊತ್ತಿನಲ್ಲಿ ತಪ್ಪು ಸಂದೇಶ ಕೊಡುತ್ತದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಸೇವಿಸಿದ್ದರೆ ಅಪಾಯ ಹೆಚ್ಚು. ಕ್ಯಾನ್ಸರ್ ಬಂದದ್ದು ಇಂಥ ಸುಮಾರು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ. ಗರ್ಭಕೋಶದ ಆಕಾರ ಕೆಟ್ಟವರು, ಬಂಜೆತನಕ್ಕೆ ಗುರಿಯಾದವರು ಇನ್ನೂ ಅನೇಕರು. ಗರ್ಭಪಾತ ತಡೆಯಲೆಂದು ತಾಯಿಗೆ ಕೊಟ್ಟ ಗುಳಿಗೆಯಿಂದ ಮಗಳಿಗೆ ಗರ್ಭಪಾತದ ಸಂಭವ ಹೆಚ್ಚಿತು.

1991ರಲ್ಲಿ ಥಿಯೊ ಕೋಲ್ಬರ್ನ್ ಅಮೆರಿಕದ ವಿಂಗ್‌ಸ್ಪ್ರೆಡ್‌ನಲ್ಲಿ ವಿಜ್ಞಾನಿಗಳ ಸಭೆ ಕರೆದರು. ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ಪರಿಸರದ ರಾಸಾಯನಿಕಗಳಿಗೆ ಪ್ರತ್ಯೇಕ ಹೆಸರು ಬಂದದ್ದು ಅಲ್ಲಿ. ಡಾಡ್ಸ್ 1936ರಲ್ಲೇ ಈಸ್ಟ್ರೊಜೆನ್ ಗುಣವನ್ನು ಗುರುತಿಸಿದ್ದ ಬಿಸ್ಫೆನಾಲ್-ಎ ಮುಂದೆ ಪ್ಲಾಸ್ಟಿಕ್ ತಯಾರಿಕೆಗೆ ಬಳಕೆಯಾಯಿತು. 2011ರಲ್ಲಿ ಐರೋಪ್ಯ ಒಕ್ಕೂಟ ಹಾಲೂಡಿಸುವ ಬಾಟಲಿಗಳಲ್ಲಿ ಅದನ್ನು ನಿಷೇಧಿಸಿತು. ಪರಿಸರದಿಂದ ನಮ್ಮ ದೇಹ ಸೇರುವ ಪ್ರಮಾಣ ಔಷಧಿಯ ಪ್ರಮಾಣಕ್ಕಿಂತ ಬಹಳ ಕಡಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ರಾಸಾಯನಿಕದ ಅಪಾಯವನ್ನು ಅಳೆಯುವಾಗ ‘ಎಷ್ಟು?’ ಎಂಬುದರ ಜೊತೆಗೆ ‘ಯಾವಾಗ?’ ಎಂದೂ ಕೇಳಬೇಕೆಂಬ ಪಾಠವನ್ನು ಡಿ.ಇ.ಎಸ್. ಕಲಿಸಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ 1953ರ ಪ್ರಯೋಗವನ್ನು ಮರೆಯದೆ ಹೇಳಿ.