ತಿರುಗುವ ಪಾತ್ರೆ, ಸುಳಿಯುವ ದ್ರವ: ಒಂದು ಲೆಕ್ಕದ ಚರಿತ್ರೆ

ಗಷ್ಟು ಉಳಿದ ಕಾಫಿಯನ್ನು ಚಮಚದಿಂದ ಕದಡಿ ಬಿಟ್ಟರೆ ಗಷ್ಟು ಲೋಟದ ಅಂಚಿಗೆ ಹೋಗದೆ ತಳದ ನಡುವೆ ಬಂದು ಗುಪ್ಪೆಯಾಗುತ್ತದೆ. ಮೈಸೂರಿನ ಯಾದವಗಿರಿಯ ಅಡುಗೆಮನೆಯಲ್ಲೂ ಬರ್ಲಿನ್ನಿನ ಚಹಾ ಬಟ್ಟಲಲ್ಲೂ ಆಗುವುದು ಇದೇ. ನದಿಗಳು ಬಳುಕುವುದೇಕೆ ಎಂದು ವಿವರಿಸುವಾಗ 1926ರಲ್ಲಿ ಐನ್‌ಸ್ಟೈನ್ ಇದರ ಕಾರಣವನ್ನೂ ಬಿಡಿಸಿ ಹೇಳಿದರು. ತಳಕ್ಕೆ ತಾಗಿದ ದ್ರವ ಘರ್ಷಣೆಯಿಂದ ನಿಧಾನವಾಗುತ್ತದೆ. ಅಂಚಿನಲ್ಲಿರುವ ಹೆಚ್ಚಿನ ಒತ್ತಡ ಅದನ್ನು ಒಳಕ್ಕೆ ತಳ್ಳುತ್ತದೆ. ಸುತ್ತುವ ಹರಿವಿನ ಬೆನ್ನಿಗೇ ಹುಟ್ಟುವ ಈ ಅಡ್ಡ ಹರಿವಿಗೆ ದ್ವಿತೀಯಕ ಹರಿವು ಎಂದು ಹೆಸರು. ಲೆಕ್ಕ ತೊಡಕಾಗುವುದು ಇಲ್ಲೇ.

1921ರಲ್ಲಿ ಕಾರ್ಮನ್ ಪಾತ್ರೆಯ ಗೋಡೆಗಳನ್ನೇ ಕೈಬಿಟ್ಟು, ಕೊನೆಯಿಲ್ಲದ ಒಂದು ತಟ್ಟೆ ತಿರುಗುತ್ತಿದೆ ಎಂದುಕೊಂಡು ಸಮೀಕರಣಗಳನ್ನು ಸರಳಗೊಳಿಸಿದರು. ಒಂದರ ಮೇಲೊಂದು ಎರಡು ತಟ್ಟೆಗಳಿದ್ದು ಒಂದು ಮಾತ್ರ ತಿರುಗಿದರೆ ನಡುವಿನ ದ್ರವ ಏನು ಮಾಡುತ್ತದೆ? ಗಟ್ಟಿ ಉಂಡೆಯಂತೆ ಅದೂ ತಿರುಗುತ್ತದೆ ಎಂದು ಬ್ಯಾಚಲರ್ 1951ರಲ್ಲಿ ಹೇಳಿದರು. ಎರಡು ವರ್ಷ ಕಳೆದು ಸ್ಟೂವರ್ಟ್‌ಸನ್, ತಿರುಗುವುದಿಲ್ಲ ಎಂದರು. 1968ರ ಹೊತ್ತಿಗೆ ಕಂಪ್ಯೂಟರಿನ ಎಣಿಕೆ ಬೇರೆಯೇ ಕಥೆ ಹೇಳಿತು: ಅದೇ ಸಮೀಕರಣಕ್ಕೆ ಎರಡೂ ಉತ್ತರಗಳು ಸಲ್ಲುತ್ತವೆ.

ಕರ್ನಾಟಕದಲ್ಲಿ ಈ ಲೆಕ್ಕ ಬೇರೂರಿದ್ದು ಮೈಸೂರು ಸಂಸ್ಥಾನ ಕೊಟ್ಟ ಜಮೀನಿನಲ್ಲಿ ನಿಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1956ರಲ್ಲಿ ಅಲ್ಲಿನ ಅನ್ವಯಿಕ ಗಣಿತ ವಿಭಾಗದ ಹೊಣೆ ಹೊತ್ತವರು ರಾಜಸ್ಥಾನದ ಕೋಟಾದಲ್ಲಿ ಹುಟ್ಟಿದ ಪಿ. ಎಲ್. ಭಟ್ನಾಗರ್. ನೀರಿನಂತೆ ಸರಾಗ ಹರಿಯದ, ಎಳೆದರೆ ಹಿಂದಕ್ಕೆ ಸೆಳೆಯುವ ಅಂಟು ದ್ರವಗಳತ್ತ ಅವರ ಬಳಗ ತಿರುಗಿತು. 1960ರ ದಶಕದ ಆರಂಭದಲ್ಲಿ ಭಟ್ನಾಗರ್ ಮತ್ತು ಜಿ. ಕೆ. ರಾಜೇಶ್ವರಿ, ಒಂದರೊಳಗೊಂದು ತಿರುಗುವ ಎರಡು ಗೋಳಗಳ ನಡುವಿನ ಇಂಥ ದ್ರವದ ದ್ವಿತೀಯಕ ಹರಿವನ್ನು ಲೆಕ್ಕ ಹಾಕಿದರು. ತಿರುಗುವಿಕೆ ನಿಧಾನ ಎಂದುಕೊಂಡು, ದೊಡ್ಡ ಪದದ ಮೇಲೆ ಸಣ್ಣ ತಿದ್ದುಪಡಿ ಪೇರಿಸುವ, ಕಾಗದ-ಪೆನ್ಸಿಲಿನ ದಾರಿ ಅದು. ವೇಗ ಹೆಚ್ಚಿದರೆ ಈ ದಾರಿ ಮುಚ್ಚಿಹೋಗುತ್ತದೆ. ಪಾತ್ರೆಯನ್ನು ಚೌಕಳಿಗಳಾಗಿ ಒಡೆದು ಒಂದೊಂದರಲ್ಲೂ ವೇಗ, ಒತ್ತಡ ಎಣಿಸಬೇಕು. ಅದಕ್ಕೆ ಯಂತ್ರ ಬೇಕು.

ಅಂಥ ಯಂತ್ರ ಬಂದದ್ದು ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಿಂದ. 1959ರಲ್ಲಿ ದೆಹಲಿಯಲ್ಲಿ ಶುರುವಾಗಿ, ಮರುವರ್ಷ ಬೆಂಗಳೂರಿಗೆ ಬಂದಾಗ ಅದಕ್ಕೆ ಸಿಕ್ಕ ಜಾಗ ಜಯಮಹಲ್ ರಸ್ತೆಯ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯ. ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, 1986ರಲ್ಲಿ, ಯು. ಎನ್. ಸಿನ್ಹಾ ಅವರ ತಂಡ ನಾಲ್ಕು ಸಂಸ್ಕಾರಕಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಕಟ್ಟಿತು. ಹರಿವನ್ನು ಬಿಡಿಸುವುದು ಎಂಬ ಕೆಲಸವೇ ಅದರ ಹೆಸರು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದು. ಹೆಚ್ಚು ಹೆಸರಾದ ಪರಮ್ 8000 ಬಂದದ್ದು 1991ರಲ್ಲಿ.

ಪಾತ್ರೆಯ ಗೋಡೆಗಳೂ ಅಷ್ಟರಲ್ಲಿ ಲೆಕ್ಕದೊಳಕ್ಕೆ ಬಂದಿದ್ದವು. ಒಂದು ಕೊನೆ ಮಾತ್ರ ತಿರುಗುವ ಮುಚ್ಚಿದ ಸಿಲಿಂಡರಿನಲ್ಲಿ, ನಡು ಅಕ್ಷದ ಮೇಲೆ ದ್ರವ ಗುಳ್ಳೆಯಂತೆ ಉಬ್ಬಿ ಹಿಮ್ಮುಖವಾಗುವುದನ್ನು 1968ರಲ್ಲಿ ಫೋಗೆಲ್ ಕಂಡಿದ್ದರು. ಇಂಥ ಗುಳ್ಳೆ ಒಂದೋ ಎರಡೋ ಮೂರೋ ಎಂಬುದನ್ನು ಎತ್ತರ-ತ್ರಿಜ್ಯದ ಅನುಪಾತ ಮತ್ತು ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ದ್ರವದ ಅಂಟಿಗೂ ಇರುವ ಅನುಪಾತ) ಎರಡೇ ತೀರ್ಮಾನಿಸುತ್ತವೆ ಎಂದು 1984ರಲ್ಲಿ ಎಸ್ಕುಡಿಯರ್ ನಕ್ಷೆ ಬರೆದರು. 1990ರಲ್ಲಿ ಲೋಪೆಜ್ ಅವರ ಕಂಪ್ಯೂಟರ್ ಎಣಿಕೆ ಅದೇ ಗುಳ್ಳೆಗಳನ್ನು ತೋರಿಸಿತು. ಅಂದಿನಿಂದ ಈ ಸಿಲಿಂಡರು ಹೊಸ ಪ್ರೋಗ್ರಾಮುಗಳಿಗೆ ಒರೆಗಲ್ಲಾಗಿದೆ.

ಭಟ್ನಾಗರ್ 1976ರಲ್ಲಿ ತೀರಿಕೊಂಡರು. ಗ್ರಾಸ್ ಮತ್ತು ಕ್ರೂಕ್ ಜೊತೆ ಅವರು 1954ರಲ್ಲಿ ಬರೆದ ಬಿಜಿಕೆ ಸಮೀಕರಣ ಅನಿಲದ ಅಣುಗಳ ಡಿಕ್ಕಿಯನ್ನು ಕುರಿತದ್ದು, ಪಾತ್ರೆಗೂ ಅದಕ್ಕೂ ಆಗ ಸಂಬಂಧವಿರಲಿಲ್ಲ. 1992ರ ಸುಮಾರಿಗೆ ಅದೇ ಸಮೀಕರಣ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದ ತಿರುಳಾಯಿತು. ಇದರಲ್ಲಿ ಕಾಲ್ಪನಿಕ ಕಣಗಳ ಗುಂಪುಗಳು ಚೌಕಳಿಯ ಒಂದು ಬಿಂದುವಿನಿಂದ ಪಕ್ಕದ ಬಿಂದುವಿಗೆ ನೆಗೆಯುತ್ತವೆ, ಡಿಕ್ಕಿಯಾಗಿ ಸಮತೋಲನದತ್ತ ವಾಲುತ್ತವೆ, ಗೋಡೆಗೆ ಬಡಿದರೆ ಬಂದ ದಾರಿಯಲ್ಲೇ ಮರಳುತ್ತವೆ. ಗೋಡೆ ತಿರುಗುತ್ತಿದ್ದರೆ ಮರಳುವಾಗ ಅದರ ವೇಗದ ಪಾಲನ್ನೂ ಹೊತ್ತು ಬರುತ್ತವೆ.